ಇಂಜಿನು ಏಕೆ ನಿಂತಿತು?

ರಸ್ತೆಯ ಅಂಚಿನಲ್ಲಿ ಬಾನೆಟ್ಟನ್ನು ಮೇಲೆತ್ತಿಕೊಂಡು ನಿಂತಿರುವ ಹಳೆಯ ಕಾರನ್ನು ನೀವು ಎಂದಾದರೂ ನೋಡಿರಬಹುದು. ಅದರ ಸುತ್ತ ನಾಲ್ಕಾರು ಜನ ನೆರೆದಿರುತ್ತಾರೆ. “ಕಾರ್ಬ್ಯುರೇಟರಿನಲ್ಲಿ ಕಸ ಕೂತಿದೆ” ಎನ್ನುತ್ತಾನೆ ಒಬ್ಬ. “ಅಲ್ಲ, ಪ್ಲಗ್ಗು ಕೆಟ್ಟಿದೆ” ಎನ್ನುತ್ತಾನೆ ಮತ್ತೊಬ್ಬ. ಮೂರನೆಯವನು ಏನೂ ಹೇಳದೆ ಒಂದು ತಂತಿಯನ್ನು ಹಿಡಿದು ಅಲ್ಲಾಡಿಸುತ್ತಾನೆ. ಅಷ್ಟರಲ್ಲಿ ಇಂಜಿನು ಹೇಗೋ ಹೊರಟರೆ, ತಂತಿಯನ್ನು ಅಲ್ಲಾಡಿಸಿದವನೇ ಅಂದಿನ ಪಂಡಿತ. ಅವನು ಅಲ್ಲಾಡಿಸಿದ್ದರಿಂದಲೇ ಇಂಜಿನು ಹೊರಟಿತೇ, ಇಲ್ಲವೆ ಅವನು ಅಲ್ಲಾಡಿಸುತ್ತಿದ್ದ ಹೊತ್ತಿನಲ್ಲಿ ಬೇರೆ ಏನಾದರೂ ನಡೆಯಿತೇ ಎಂದು ಯಾರೂ ಕೇಳುವುದಿಲ್ಲ. ಈ ಪಾಠದಲ್ಲಿ ನಾವು ಕೇಳಬೇಕಾಗಿರುವುದು ಆ ಪ್ರಶ್ನೆಯನ್ನೇ.

ಇಂದು ತಯಾರಾಗುವ ಕಾರುಗಳಲ್ಲಿ ಕಾರ್ಬ್ಯುರೇಟರ್ ಇರುವುದಿಲ್ಲ. ಪೆಟ್ರೋಲನ್ನು ಅಳೆದು ಇಂಜಿನಿಗೆ ಚಿಮುಕಿಸುವ ಕೆಲಸವನ್ನು ಒಂದು ಪುಟ್ಟ ಗಣಕವು ನೋಡಿಕೊಳ್ಳುತ್ತದೆ. ದೋಷವೇನಾದರೂ ಕಂಡುಬಂದರೆ ಅದನ್ನು ಗುರುತು ಹಾಕಿಕೊಂಡು ಇಟ್ಟಿರುವುದೂ ಉಂಟು. ಹಳೆಯ ಕಾರಿಗೆ ಈ ಸೌಕರ್ಯವಿರಲಿಲ್ಲ. ತನ್ನ ನೋವನ್ನು ಅದು ಸದ್ದಿನಿಂದ, ವಾಸನೆಯಿಂದ, ಹೊಗೆಯಿಂದ, ನಡುಕದಿಂದ ಹೇಳಿಕೊಳ್ಳಬೇಕಾಗಿತ್ತು. ಅಂತಹ ಕಾರುಗಳಲ್ಲಿ ನಮ್ಮ ನಾಡಿನವರಿಗೆ ಬಹಳ ಪರಿಚಿತವಾದುದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, 1950ರ ದಶಕದ ಕೊನೆಯಿಂದ 2014ರ ವರೆಗೆ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅದು ತಯಾರಾಯಿತು. ಮಂತ್ರಿಗಳು ಪ್ರವಾಸ ಮಾಡಿದ್ದು ಅದರಲ್ಲಿ. ಮದುವೆಯ ದಿಬ್ಬಣದವರು ಹತ್ತು ಮಂದಿ ಒತ್ತಿಕೊಂಡು ಕುಳಿತದ್ದೂ ಅದರಲ್ಲಿಯೇ. ಬಹುಕಾಲ ಅದಕ್ಕೆ ಇದ್ದದ್ದು ನಾಲ್ಕು ಸಿಲಿಂಡರುಗಳ, 1489 ಘನ ಸೆಂಟಿಮೀಟರು ಗಾತ್ರದ ಪೆಟ್ರೋಲ್ ಇಂಜಿನು.

ಇಂಜಿನಿಗೆ ಬೇಕಾದುದು ಬಹಳವೇನಿಲ್ಲ. ಗಾಳಿ, ಪೆಟ್ರೋಲು ಮತ್ತು ಕಿಡಿ. ಈ ಮೂರೂ ತಕ್ಕ ಪ್ರಮಾಣದಲ್ಲಿ, ತಕ್ಕ ಕ್ಷಣದಲ್ಲಿ ಒದಗಬೇಕು. ಜರ್ಮನಿಯ ನಿಕೊಲಾಸ್ ಆಟೊ ಎಂಬಾತನು 1876ರಲ್ಲಿ ರೂಪಿಸಿದ ಕ್ರಮದಂತೆ ಪ್ರತಿಯೊಂದು ಸಿಲಿಂಡರೂ ಮಿಶ್ರಣವನ್ನು ಒಳಗೆ ಹೀರುತ್ತದೆ, ಒತ್ತುತ್ತದೆ, ಸಿಡಿಸುತ್ತದೆ, ಸುಟ್ಟ ಅನಿಲವನ್ನು ಹೊರದೂಡುತ್ತದೆ. ಇಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರುಗಳಲ್ಲಿ ಒಟ್ಟು 6000 ಕಿಡಿಗಳು ಹಾರಬೇಕು. ಎಂದರೆ ಸೆಕೆಂಡಿಗೆ ನೂರು! ಪೆಟ್ರೋಲಿಗಿಂತ ಇಂಜಿನು ಹೆಚ್ಚಾಗಿ ನುಂಗುವುದು ಗಾಳಿಯನ್ನು. ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಸುಮಾರು 9000 ಲೀಟರು ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಪಾಲು ಪೆಟ್ರೋಲಿಗೆ ಹೆಚ್ಚುಕಡಿಮೆ ಹದಿನೈದು ಪಾಲು ಗಾಳಿ.

ಈ ಮಿಶ್ರಣವನ್ನು ಸಿದ್ಧಪಡಿಸುವ ಅಡಿಗೆಯವನೇ ಕಾರ್ಬ್ಯುರೇಟರ್. ಸೊಳ್ಳೆಯ ಔಷಧವನ್ನು ಸಿಂಪಡಿಸುವ ಕೈಪಂಪನ್ನು ನೀವು ಕಂಡಿದ್ದರೆ ಅದರ ತತ್ತ್ವ ಸುಲಭವಾಗಿ ತಿಳಿಯುತ್ತದೆ. ಗಾಳಿಯನ್ನು ರಭಸವಾಗಿ ಊದಿದಾಗ ಕೊಳವೆಯ ಬಾಯಿಯಲ್ಲಿ ಒತ್ತಡ ಕುಗ್ಗುತ್ತದೆ. ಡಬ್ಬಿಯಲ್ಲಿರುವ ಔಷಧವು ತಾನಾಗಿ ಮೇಲೇರಿ ತುಂತುರಾಗುತ್ತದೆ. ಕಾರ್ಬ್ಯುರೇಟರಿನಲ್ಲಿಯೂ ಹೀಗೆಯೇ. ಇಂಜಿನು ಹೀರುವ ಗಾಳಿಯು ಒಂದು ಕಿರಿದಾದ ಕಂಠದ ಮೂಲಕ ನುಗ್ಗುವಾಗ ಪಕ್ಕದ ಪುಟ್ಟ ಬಟ್ಟಲಿನಿಂದ ಪೆಟ್ರೋಲನ್ನು ಸೆಳೆದುಕೊಂಡು ಹೋಗುತ್ತದೆ. ಆ ಬಟ್ಟಲಿನಲ್ಲಿ ಒಂದು ತೇಲುಗುಂಡು ಇರುತ್ತದೆ. ಮನೆಯ ನೀರಿನ ತೊಟ್ಟಿಯಲ್ಲಿರುವಂತೆಯೇ, ಪೆಟ್ರೋಲಿನ ಮಟ್ಟ ಇಳಿದರೆ ಅದು ಬಾಗಿಲು ತೆರೆಯುತ್ತದೆ, ಏರಿದರೆ ಮುಚ್ಚುತ್ತದೆ. ಕಾರಿನ ಹಿಂಭಾಗದಲ್ಲಿರುವ ಟ್ಯಾಂಕಿನಿಂದ ಈ ಬಟ್ಟಲಿನವರೆಗೆ ಪೆಟ್ರೋಲನ್ನು ಎಳೆದು ತರುವುದು ಇಂಜಿನಿನ ಪಕ್ಕದಲ್ಲಿರುವ ಪಂಪು. ಅದರೊಳಗಿನ ರಬ್ಬರಿನ ಪೊರೆಯೊಂದು ಇಂಜಿನಿನ ತಿರುಗುವಿಕೆಗೆ ತಕ್ಕಂತೆ ಏರಿಳಿಯುತ್ತ ಪೆಟ್ರೋಲನ್ನು ಹೀರುತ್ತದೆ. ಬಟ್ಟಲು ಬಹಳ ಚಿಕ್ಕದು ಎಂಬುದನ್ನು ನೆನಪಿನಲ್ಲಿಡಿ. ಟ್ಯಾಂಕಿನಿಂದ ಬರುವ ಪೆಟ್ರೋಲು ನಿಂತುಹೋದರೂ ಬಟ್ಟಲಿನಲ್ಲಿ ಉಳಿದಿರುವಷ್ಟರಿಂದ ಕಾರು ಸ್ವಲ್ಪ ದೂರ ಓಡುತ್ತದೆ. ಅನಂತರವೇ ಅದರ ಕೆಮ್ಮು ಆರಂಭವಾಗುವುದು.

ಕಿಡಿಯ ಕಥೆ ಬೇರೆ. ಹನ್ನೆರಡು ವೋಲ್ಟಿನ ಬ್ಯಾಟರಿಯ ವಿದ್ಯುತ್ತನ್ನು ಕಾಯಿಲು ಎಂಬ ಸಾಧನವು ಹತ್ತು ಸಾವಿರ ವೋಲ್ಟಿಗೂ ಮಿಗಿಲಾಗಿ ಏರಿಸುತ್ತದೆ. ಪಾಯಿಂಟು ಎಂದು ಕರೆಯುವ ಒಂದು ಜೊತೆ ಲೋಹದ ತುಟಿಗಳು ಪ್ರತಿ ಕಿಡಿಗೂ ಒಮ್ಮೆ ತೆರೆದು ಮುಚ್ಚುತ್ತವೆ. ಅವುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತಲೂ ಕಡಮೆ. ಕಂಡೆನ್ಸರ್ ಎಂಬ ಪುಟ್ಟ ಡಬ್ಬಿಯು ಆ ತುಟಿಗಳು ಸುಟ್ಟುಹೋಗದಂತೆ ಕಾಪಾಡುತ್ತದೆ. ಇವುಗಳಲ್ಲಿ ಯಾವುದು ಸೋತರೂ ಕಿಡಿ ತಪ್ಪುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬರಿಯ ತೇವವೇ ಸಾಕು. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಹನಿ ಕಟ್ಟಿದರೆ ಕಿಡಿಯು ಸೇರಬೇಕಾದ ಜಾಗವನ್ನು ಸೇರದೆ ದಾರಿಯಲ್ಲಿಯೇ ಸೋರಿಹೋಗುತ್ತದೆ.

ಹಾಗಾದರೆ ಕೆಟ್ಟಿರುವುದು ಕಿಡಿಯೋ ಪೆಟ್ರೋಲೋ ಎಂದು ತಿಳಿಯುವ ಬಗೆ ಹೇಗೆ? ನುರಿತವರು ಮೊದಲು ಸ್ಪ್ಯಾನರನ್ನು ಹಿಡಿಯುವುದಿಲ್ಲ, ಕಿವಿಯನ್ನು ಕೊಡುತ್ತಾರೆ. ಕಿಡಿ ಪೂರ್ತಿಯಾಗಿ ತಪ್ಪಿದರೆ ಇಂಜಿನು ದೀಪ ಆರಿದಂತೆ ತಟ್ಟನೆ ನಿಲ್ಲುತ್ತದೆ. ಪೆಟ್ರೋಲು ಸಾಲದೆ ಬಂದಾಗ ಹಾಗಲ್ಲ. ಶಕ್ತಿ ಕುಂದುತ್ತದೆ, ಕಾರು ಮುಗ್ಗರಿಸುತ್ತದೆ, ಕಾರ್ಬ್ಯುರೇಟರಿನ ಬಾಯಿಂದ ಕೆಮ್ಮಿದಂತಹ ಸದ್ದು ಬರುತ್ತದೆ, ಒಂದೆರಡು ಸಲ ಚೇತರಿಸಿಕೊಂಡಂತೆ ಮಾಡಿ ಕೊನೆಗೆ ನಿಲ್ಲುತ್ತದೆ. ಆಗ ಚೋಕಿನ ಗುಂಡಿಯನ್ನು ಎಳೆದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿ ಕ್ಷಣಕಾಲ ಉಸಿರು ಬರುತ್ತದೆ. ಪೆಟ್ರೋಲು ಅತಿಯಾದರೂ ಇಂಜಿನು ತೊದಲುವುದುಂಟು. ಆದರೆ ಆಗ ಹಿಂದಿನ ಕೊಳವೆಯಿಂದ ಕಪ್ಪು ಹೊಗೆ ಬರುತ್ತದೆ, ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯುತ್ತದೆ. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಅದರ ತುದಿಯೇ ಸಾಕ್ಷಿ ಹೇಳುತ್ತದೆ. ತಿಳಿಗಂದು ಬಣ್ಣವಿದ್ದರೆ ಎಲ್ಲವೂ ಕ್ಷೇಮ. ಕಾಡಿಗೆಯಂತೆ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದು.

ಈ ಲಕ್ಷಣಗಳನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಕಷ್ಟವಿರುವುದು ಬೇರೆ ಕಡೆ. ಅದನ್ನು ನಾನು ತಿಳಿದುಕೊಂಡದ್ದು 1986ರ ಏಪ್ರಿಲ್ ತಿಂಗಳಿನಲ್ಲಿ.

ಆ ವರ್ಷ ನಾನು ಒಂಬತ್ತನೆಯ ತರಗತಿಯ ಪರೀಕ್ಷೆಯನ್ನು ಮುಗಿಸಿಕೊಂಡು ತೀರ್ಥಹಳ್ಳಿಯಲ್ಲಿದ್ದ ಸೋದರಮಾವನ ಮನೆಗೆ ಹೋಗಿದ್ದೆ. ಮಾವ ಸಾಲ ಮಾಡಿ ಹಳೆಯ ಅಂಬಾಸಿಡರ್ ಕಾರೊಂದನ್ನು ಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಮನೆಯ ಐದು ಜನರ ಊಟ, ಇಬ್ಬರು ಮಕ್ಕಳ ಓದು, ತಿಂಗಳ ಕಂತು ಎಲ್ಲವೂ ಆ ಕಾರಿನ ನಾಲ್ಕು ಗಾಲಿಗಳ ಮೇಲೆಯೇ ಉರುಳಬೇಕಾಗಿತ್ತು. ಆದರೆ ಕೆಲವು ವಾರಗಳಿಂದ ಕಾರಿಗೆ ಒಂದು ವಿಚಿತ್ರವಾದ ರೋಗ ಹಿಡಿದಿತ್ತು. ಊರೊಳಗೆ ಎಷ್ಟು ಓಡಿಸಿದರೂ ಚೆನ್ನಾಗಿ ಓಡುತ್ತಿತ್ತು. ದೂರದ ಪ್ರಯಾಣದಲ್ಲಿ ಮಾತ್ರ ದಾರಿಯ ನಡುವೆ ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಗ್ಯಾರೇಜಿನವರು ಕಾರ್ಬ್ಯುರೇಟರನ್ನು ಎರಡು ಬಾರಿ ಬಿಚ್ಚಿ ತೊಳೆದರು. ಮೂರನೆಯ ಬಾರಿ ಅದನ್ನೇ ಬದಲಾಯಿಸಿದರು. ಅನಂತರ ಪಂಪು ಹೊಸದಾಯಿತು, ಕಂಡೆನ್ಸರ್ ಹೊಸದಾಯಿತು. ಪ್ರತಿ ಸಲವೂ ಊರೊಳಗೆ ಒಂದು ಸುತ್ತು ಓಡಿಸಿ ನೋಡಿ, “ಸರಿಯಾಯಿತು” ಎಂದು ಹಣ ತೆಗೆದುಕೊಂಡರು. ಅವರು ಸುಳ್ಳು ಹೇಳಲಿಲ್ಲ. ಆದರೆ ಊರೊಳಗೆ ಕಾರು ಎಂದೂ ನಿಂತಿರಲೇ ಇಲ್ಲವಲ್ಲ! ರೋಗವು ಕಾಣಿಸಿಕೊಳ್ಳದ ಜಾಗದಲ್ಲಿ ಔಷಧವನ್ನು ಪರೀಕ್ಷಿಸಿದಂತಾಯಿತು.

ಕಾರು ನಿಂತಾಗ ಅದನ್ನು ಹೊರಡಿಸಲು ಮಾವನಿಗೆ ಎರಡು ಉಪಾಯಗಳು ಗೊತ್ತಿದ್ದವು. ಒಂದು, ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹಾಕಿ ಅರ್ಧ ಗಂಟೆ ಕಾಯುವುದು. ಬೇಸಗೆಯಲ್ಲಿ ಇಂಜಿನಿನ ಕಾವಿಗೆ ಪೆಟ್ರೋಲು ಕೊಳವೆಯಲ್ಲಿಯೇ ಆವಿಯಾಗಿ ದಾರಿಗೆ ಅಡ್ಡ ಕೂರುವುದುಂಟು. ಒದ್ದೆ ಬಟ್ಟೆ ಅದಕ್ಕೆ ಮದ್ದು. ಇದು ಚಾಲಕರೆಲ್ಲ ಬಲ್ಲ ಮದ್ದು. ಇನ್ನೊಂದು ಉಪಾಯ ಮಾವ ತಾವೇ ಕಂಡುಕೊಂಡದ್ದು. ಡಿಕ್ಕಿಯಲ್ಲಿ ಒಂದು ಕ್ಯಾನಿನಲ್ಲಿ ಪೆಟ್ರೋಲು ಇಟ್ಟಿರುತ್ತಿದ್ದರು. ಕಾರು ನಿಂತಾಗ ಒಂದೆರಡು ಲೀಟರನ್ನು ಟ್ಯಾಂಕಿಗೆ ಹೊಯ್ದರೆ ಕಾರು ಕೂಡಲೇ ಹೊರಡುತ್ತಿತ್ತು. ಒಂದು ಸಲವೂ ಈ ಉಪಾಯ ತಪ್ಪಿರಲಿಲ್ಲ. ಇದರಿಂದ ಅವರು ಒಂದು ತೀರ್ಮಾನಕ್ಕೆ ಬಂದಿದ್ದರು: ಟ್ಯಾಂಕಿನಲ್ಲಿ ಪೆಟ್ರೋಲಿನ ಮಟ್ಟ ಇಳಿದರೆ ಪಂಪಿಗೆ ಎಳೆಯಲಾಗುವುದಿಲ್ಲ; ಆದುದರಿಂದ ಟ್ಯಾಂಕನ್ನು ಯಾವಾಗಲೂ ತುಂಬಿಸಿಯೇ ಇಡಬೇಕು. ಹಾಗೆಯೇ ಇಡತೊಡಗಿದರು. ವಿಚಿತ್ರವೆಂದರೆ, ಮೊದಲು ಮೂವತ್ತು ನಲವತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲುತ್ತಿದ್ದ ಕಾರು ಆಮೇಲೆ ಹತ್ತು ಕಿಲೋಮೀಟರನ್ನೂ ಓಡದಾಯಿತು.

ಹೀಗಿರುವಾಗ ಒಂದು ರಾತ್ರಿ ಹನ್ನೊಂದು ಗಂಟೆಗೆ ನೆರೆಮನೆಯವರು ಬಾಗಿಲು ತಟ್ಟಿದರು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅವರ ಮಗಳಿಗೆ ನೋವು ಕಾಣಿಸಿಕೊಂಡಿತ್ತು. ಮಗು ಅಡ್ಡವಾಗಿದೆ, ತಡಮಾಡದೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಆ ಹೊತ್ತಿನಲ್ಲಿ ಬೇರೆ ವಾಹನ ಸಿಕ್ಕಲಿಲ್ಲ. ಮಾವ ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಬೀಗದ ಕೈ ತೆಗೆದುಕೊಂಡರು. ನೀರು ತರಲು, ಟಾರ್ಚು ಹಿಡಿಯಲು ಬೇಕಾಗುತ್ತದೆಂದು ನನ್ನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು.

ಟ್ಯಾಂಕು ಕುತ್ತಿಗೆಯವರೆಗೆ ತುಂಬಿತ್ತು. ಆದರೂ ಏಳೆಂಟು ಕಿಲೋಮೀಟರು ಹೋಗುವುದರೊಳಗೆ ಇಂಜಿನು ಮುಗ್ಗರಿಸಿತು. ಸಂಜೆ ಮಳೆ ಬಿದ್ದು ಕಾಡೆಲ್ಲ ತಣ್ಣಗಿತ್ತು. ಮಾವ ಒದ್ದೆ ಬಟ್ಟೆ ಹಾಕಿದರು, ಕಾಯಲು ವ್ಯವಧಾನವಿರಲಿಲ್ಲ. ಕ್ಯಾನನ್ನು ತೆಗೆದು ಹಿಡಿಯುವಷ್ಟು ಪೆಟ್ರೋಲನ್ನು ಹೊಯ್ದರು. ಕಾರು ಹೊರಟಿತು. ಮೇಗರವಳ್ಳಿಯನ್ನು ದಾಟಿದ ಮೇಲೆ ಮತ್ತೆ ನಿಂತಿತು, ಮತ್ತೆ ಹೊಯ್ದರು. ಆಗುಂಬೆಯನ್ನು ಮುಟ್ಟುವ ಮೊದಲು ಮೂರನೆಯ ಬಾರಿ ನಿಂತಾಗ ಹಿಂದಿನ ಸೀಟಿನಿಂದ ಕೇಳುತ್ತಿದ್ದ ನರಳಾಟ ನಿಂತುಹೋಗಿತ್ತು. ಆ ಮೌನ ನರಳಾಟಕ್ಕಿಂತ ಭಯಂಕರವಾಗಿತ್ತು. ಪುಣ್ಯಕ್ಕೆ ಹಿಂದಿನಿಂದ ತೋಟದವರ ಜೀಪೊಂದು ಬಂದಿತು. ಅವರು ಆಕೆಯನ್ನೂ ತಾಯಿಯನ್ನೂ ಹತ್ತಿಸಿಕೊಂಡು ಘಾಟಿಯನ್ನು ಇಳಿದು ಹೋದರು. ಶಸ್ತ್ರಚಿಕಿತ್ಸೆಯಾಗಿ ತಾಯಿ ಮಗು ಇಬ್ಬರೂ ಉಳಿದರೆಂಬ ಸುದ್ದಿ ಮರುದಿನ ಮಧ್ಯಾಹ್ನ ಬಂತು. ಅದುವರೆಗೆ ಮಾವ ಊಟ ಮಾಡಲಿಲ್ಲ. ಸುದ್ದಿ ಬಂದ ಮೇಲೆ, “ಈ ಗಾಡಿಯನ್ನು ಗುಜರಿಗೆ ಕೊಡುತ್ತೇನೆ” ಎಂದು ಎದ್ದರು.

ಅತ್ತೆಯೇ ಅವರನ್ನು ತಡೆದು, ಊರ ಹೊರಗೆ ಇದ್ದ ಒಬ್ಬ ವೃದ್ಧ ಮೇಸ್ತ್ರಿಯ ಬಳಿಗೆ ಕಳುಹಿಸಿದರು. ಕೈ ನಡುಗುತ್ತಿದ್ದುದರಿಂದ ಅವರು ಕೆಲಸ ಬಿಟ್ಟು ಕೆಲವು ವರ್ಷಗಳಾಗಿದ್ದವು. ಜಗಲಿಯ ಮೇಲೆ ಕುಳಿತಲ್ಲಿಂದ ಏಳದೆ, ಬಾನೆಟ್ಟನ್ನೂ ತೆಗೆಸದೆ, ಅವರು ಪ್ರಶ್ನೆಗಳನ್ನು ಕೇಳತೊಡಗಿದರು.

“ಎಂದಿನಿಂದ ಹೀಗೆ?”

“ನಾನು ಜ್ವರ ಬಿದ್ದು ಎದ್ದ ಮೇಲೆ, ಮೇಸ್ತ್ರಿಗಳೆ. ಅದಕ್ಕೆ ಮೊದಲು ಏನೂ ಇರಲಿಲ್ಲ.”

“ಜ್ವರದಲ್ಲಿ ಗಾಡಿ ಎಲ್ಲಿತ್ತು?”

“ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ. ಇಪ್ಪತ್ತು ದಿನ ಮುಟ್ಟಲಿಲ್ಲ.”

“ನಿಲ್ಲುವಾಗ ಹೇಗೆ ನಿಲ್ಲುತ್ತದಪ್ಪಾ? ದೀಪ ಆರಿದ ಹಾಗೋ, ಉಸಿರು ಕಟ್ಟಿದ ಹಾಗೋ?”

“ಉಸಿರು ಕಟ್ಟಿದ ಹಾಗೆ. ಚೋಕು ಎಳೆದರೆ ಒಂದಿಷ್ಟು ದೂರ ಎಳೆಯುತ್ತದೆ.”

“ಹಾಗಾದರೆ ಕಂಡೆನ್ಸರಿಗೆ ಹಾಕಿದ ದುಡ್ಡು ನೀರಿಗೆ ಹೋಯಿತು. ಒದ್ದೆ ಬಟ್ಟೆಯ ಮಾತು ಬಿಡು. ಮಳೆ ಬಿದ್ದ ರಾತ್ರಿಯಲ್ಲಿ, ಹೊರಟು ಹತ್ತು ನಿಮಿಷಕ್ಕೆ ಪೆಟ್ರೋಲು ಕುದಿಯುವ ಕಾವು ಎಲ್ಲಿಂದ ಬರಬೇಕು? ಏನು ಮಾಡಿದರೆ ಹೊರಡುತ್ತದೆ?”

“ಪೆಟ್ರೋಲು ಹೊಯ್ದರೆ ಹೊರಡುತ್ತದೆ. ಅದು ಮಾತ್ರ ಖಂಡಿತ.”

“ಪೆಟ್ರೋಲು ಹೊಯ್ಯುವುದಕ್ಕೆ ಮೊದಲು ಏನು ಮಾಡುತ್ತೀ?”

ಮಾವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಡಿಕ್ಕಿಯಿಂದ ಕ್ಯಾನು ತೆಗೆಯುತ್ತೇನೆ. ಟ್ಯಾಂಕಿನ ಮುಚ್ಚಳ ಬಿಚ್ಚುತ್ತೇನೆ...”

ಮೇಸ್ತ್ರಿ ಕೈ ಎತ್ತಿದರು. “ಅಲ್ಲಿಗೆ ನಿಲ್ಲಿಸು” ಎಂದವರೇ ನನ್ನ ಕಡೆ ತಿರುಗಿ, “ತಮ್ಮಾ, ಎಣ್ಣೆಯ ಡಬ್ಬ ತಂದರೆ ನಿಮ್ಮ ಮನೆಯಲ್ಲಿ ಅದಕ್ಕೆ ಎಷ್ಟು ತೂತು ಹೊಡೆಯುತ್ತಾರೆ?” ಎಂದು ಕೇಳಿದರು.

“ಎರಡು.”

“ಎಣ್ಣೆ ಸುರಿಯುವುದಕ್ಕೆ ಒಂದು ಸಾಲದೆ?”

ಸಾಲದು ಎಂದು ನನಗೆ ಗೊತ್ತಿತ್ತು. ಒಂದೇ ತೂತಾದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬೀಳುತ್ತದೆ. ಎರಡನೆಯ ತೂತಿನಿಂದ ಗಾಳಿ ಒಳಗೆ ಹೋದರೆ ಧಾರೆ ನೇರವಾಗುತ್ತದೆ. ಮಾವ ಮೇಸ್ತ್ರಿಯ ಮುಖವನ್ನೇ ನೋಡುತ್ತಿದ್ದರು. ಪೆಟ್ರೋಲು ಹೊಯ್ಯುವುದೆಂಬ ಒಂದು ಕೆಲಸದಲ್ಲಿ ಎರಡು ಕೆಲಸಗಳು ಅಡಗಿದ್ದವು. ಮುಚ್ಚಳ ತೆಗೆಯುವುದು ಒಂದು, ಹೊಯ್ಯುವುದು ಇನ್ನೊಂದು. ಕಾರನ್ನು ಹೊರಡಿಸುತ್ತಿದ್ದುದು ಇವುಗಳಲ್ಲಿ ಯಾವುದು?

ಮೇಸ್ತ್ರಿ ಉತ್ತರವನ್ನು ಬಾಯಲ್ಲಿ ಹೇಳಲಿಲ್ಲ. ಟ್ಯಾಂಕು ತುಂಬಿರುವ ಹಾಗೆಯೇ ಕಾರನ್ನು ಆಗುಂಬೆಯ ದಾರಿಯಲ್ಲಿ ಓಡಿಸಲು ಹೇಳಿ ತಾವೂ ಹತ್ತಿ ಕುಳಿತರು. ಕಾರು ಎಂದಿನಂತೆ ಕೆಮ್ಮಿ ನಿಂತಿತು. “ಮುಚ್ಚಳ ತೆಗೆ. ಕ್ಯಾನನ್ನು ಮುಟ್ಟಬೇಡ” ಎಂದರು. ನಾನು ಮುಚ್ಚಳವನ್ನು ಸಡಿಲಿಸುತ್ತಿದ್ದಂತೆಯೇ ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮುಚ್ಚಳವನ್ನು ಮತ್ತೆ ಹಾಕಿ ಇಂಜಿನನ್ನು ತಿರುಗಿಸಿದರೆ, ಒಂದು ತೊಟ್ಟು ಪೆಟ್ರೋಲನ್ನೂ ಹೊಯ್ಯದೆ ಕಾರು ಹೊರಟುಬಿಟ್ಟಿತು! ಮಾವ ಚಪ್ಪಾಳೆ ತಟ್ಟಿದರು.

“ಇರು, ಇನ್ನೂ ಮುಗಿದಿಲ್ಲ” ಎಂದರು ಮೇಸ್ತ್ರಿ. “ಎರಡು ನಿಮಿಷ ನಿಂತದ್ದಕ್ಕೇ ಹೊರಟಿತೋ ಏನೋ, ಯಾರಿಗೆ ಗೊತ್ತು?” ಎರಡನೆಯ ಬಾರಿ ಕಾರು ನಿಂತಾಗ ಮುಚ್ಚಳವನ್ನು ಮುಟ್ಟದೆ ಅಷ್ಟೇ ಹೊತ್ತು ಕಾದೆವು. ಇಂಜಿನು ಒಮ್ಮೆ ಕೆಮ್ಮಿ ಸುಮ್ಮನಾಯಿತು. ಮುಚ್ಚಳವನ್ನು ತೆಗೆದೆವು, ಹೊರಟಿತು. ಮೂರನೆಯದಾಗಿ, ಮುಚ್ಚಳವನ್ನು ಬಿಗಿಮಾಡದೆ ಸಡಿಲವಾಗಿಟ್ಟು ಮೆಲ್ಲಗೆ ಓಡಿಸಿದೆವು. ಹದಿನೈದು ಕಿಲೋಮೀಟರಾದರೂ ಕಾರು ನಿಲ್ಲಲಿಲ್ಲ. (ಇದು ಮೇಸ್ತ್ರಿಯ ಎದುರಿನಲ್ಲಿ, ಪರೀಕ್ಷೆಗಾಗಿ ಮಾಡಿದ ಕೆಲಸ. ಪೆಟ್ರೋಲಿನ ಆವಿ ಬೆಂಕಿಗಾಗಿ ಕಾಯುತ್ತಿರುವ ವಸ್ತು. ಸಡಿಲ ಮುಚ್ಚಳದ ಕಾರನ್ನು ಓಡಿಸುವುದು ಸಲ್ಲದು.) ಆಗ ಮಾತ್ರ ಅವರು, “ಗಾಳಿಯ ದಾರಿ ಕಟ್ಟಿದೆ” ಎಂದು ತೀರ್ಪು ಕೊಟ್ಟರು.

ಟ್ಯಾಂಕಿನಿಂದ ಪೆಟ್ರೋಲು ಹೊರಗೆ ಹೋದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಇದಕ್ಕಾಗಿ ಕೆಲವು ಹಳೆಯ ಕಾರುಗಳಲ್ಲಿ ಮುಚ್ಚಳದಲ್ಲಿಯೇ ಸಣ್ಣ ರಂಧ್ರವಿರುತ್ತದೆ, ಕೆಲವುಗಳಲ್ಲಿ ಟ್ಯಾಂಕಿಗೆ ಬೇರೆಯಾಗಿ ಒಂದು ಉಸಿರುಕೊಳವೆ ಇರುತ್ತದೆ. ಆ ದಾರಿ ಮುಚ್ಚಿದರೆ ಒಳಗೆ ಉಳಿದ ಗಾಳಿಯು ಹಿಗ್ಗಿ ತೆಳುವಾಗುತ್ತದೆ. ಗಾಳಿಯ ಗಾತ್ರ ಹೆಚ್ಚಿದಷ್ಟೂ ಒತ್ತಡ ತಗ್ಗುತ್ತದೆಂದು 1662ರಲ್ಲಿ ರಾಬರ್ಟ್ ಬಾಯ್ಲನು ತೋರಿಸಿದ ನಿಯಮವನ್ನು ನೀವು ವಿಜ್ಞಾನದ ಪಾಠದಲ್ಲಿ ಓದುವಿರಿ. ಮಾವನ ಕಾರು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು.

ಒಂದು ಲೆಕ್ಕ ಮಾಡಿ ನೋಡೋಣ. ಟ್ಯಾಂಕಿನೊಳಗಿನ ಒತ್ತಡವು ಹೊರಗಿನ ಒತ್ತಡದ ಐದರಲ್ಲಿ ನಾಲ್ಕು ಭಾಗಕ್ಕೆ ಇಳಿದಾಗ ಪಂಪು ಸೋಲುತ್ತದೆ ಎಂದು ಇಟ್ಟುಕೊಳ್ಳಿ. ಕಾರು ಲೀಟರಿಗೆ ಹತ್ತು ಕಿಲೋಮೀಟರು ಓಡುತ್ತದೆ ಎಂದೂ ಇಟ್ಟುಕೊಳ್ಳಿ. ಟ್ಯಾಂಕು ತುಂಬಿದ್ದು ಮೇಲೆ ಎರಡು ಲೀಟರಿನಷ್ಟು ಮಾತ್ರ ಗಾಳಿ ಇದ್ದರೆ, ಅರ್ಧ ಲೀಟರು ಪೆಟ್ರೋಲು ಖರ್ಚಾಗುವಷ್ಟರಲ್ಲಿ ಆ ಗಾಳಿ ಎರಡೂವರೆ ಲೀಟರಿಗೆ ಹಿಗ್ಗಿ ಒತ್ತಡ ಐದರಲ್ಲಿ ನಾಲ್ಕಾಗುತ್ತದೆ. ಕಾರು ಐದು ಕಿಲೋಮೀಟರಿಗೇ ನಿಂತಿತು! ಟ್ಯಾಂಕು ಅರ್ಧ ಖಾಲಿಯಾಗಿದ್ದು 24 ಲೀಟರು ಗಾಳಿ ಇದ್ದರೆ? ಅದು 30 ಲೀಟರಿಗೆ ಹಿಗ್ಗಬೇಕು. ಎಂದರೆ ಆರು ಲೀಟರು ಖರ್ಚಾಗಬೇಕು. ಅಷ್ಟರಲ್ಲಿ ಕಾರು 60 ಕಿಲೋಮೀಟರು ಓಡಿರುತ್ತದೆ. ಟ್ಯಾಂಕಿನೊಳಗೆ ಪೆಟ್ರೋಲಿನ ಆವಿಯೂ ಸೇರಿರುವುದರಿಂದ ನಿಜವಾದ ಲೆಕ್ಕ ಇಷ್ಟು ಸರಳವಲ್ಲ; ಆದರೂ ಅದು ಹೋಗುವ ದಿಕ್ಕು ಇದೇ. ಕಾರು ನಿಲ್ಲದಿರಲೆಂದು ಮಾವ ಟ್ಯಾಂಕನ್ನು ತುಂಬಿಸಿದಷ್ಟೂ ಕಾರು ಬೇಗ ಬೇಗ ನಿಲ್ಲುತ್ತಿತ್ತು. ಒದ್ದೆ ಬಟ್ಟೆಯ ಗುಟ್ಟೂ ಈಗ ಬಯಲಾಯಿತು. ಗೆದ್ದದ್ದು ಬಟ್ಟೆಯಲ್ಲ, ಅದನ್ನು ಹಾಕಿ ಕಾಯುತ್ತಿದ್ದ ಅರ್ಧ ಗಂಟೆ. ಅಷ್ಟು ಹೊತ್ತಿನಲ್ಲಿ ಎಲ್ಲಿಯೋ ಒಂದು ಸಂದಿನಿಂದ ಗಾಳಿ ಒಸರಿ ಒಳಗೆ ಸೇರುತ್ತಿತ್ತು. ಊರೊಳಗಿನ ಓಡಾಟದಲ್ಲಿ ಕಾರು ನಿಲ್ಲದಿದ್ದುದಕ್ಕೂ ಇದೇ ಕಾರಣ: ಸವಾರಿ ಚಿಕ್ಕದು, ನಡುವಿನ ಬಿಡುವು ದೊಡ್ಡದು.

ಹಿಂತಿರುಗಿ ಬಂದ ಮೇಲೆ ಮೇಸ್ತ್ರಿ ನನ್ನನ್ನು ಕಾರಿನ ಕೆಳಗೆ ತೂರಿಸಿದರು. ಅವರು ಹೇಳಿದ ಜಾಗದಲ್ಲಿ ಪೆನ್ಸಿಲಿನಷ್ಟು ದಪ್ಪದ ಒಂದು ಕೊಳವೆ ಕೈಗೆ ತಾಗಿತು. ಅದರ ಬಾಯಿ ನುಣ್ಣನೆಯ ಮಣ್ಣಿನಿಂದ ಮುಚ್ಚಿಹೋಗಿತ್ತು. ತಂತಿಯಿಂದ ಮೆಲ್ಲಗೆ ಕೆದಕಿ ಎಳೆದಾಗ ಒಣಗಿದ ಮಣ್ಣಿನ ಬಿರಡೆಯೊಂದು ಅಂಗೈಯಲ್ಲಿ ಬಿತ್ತು. ಅದರ ಹಿಂದೆಯೇ ಒಣಗಿ ಸುರುಟಿಕೊಂಡ ನಾಲ್ಕೈದು ಹಸಿರು ಹುಳುಗಳು ಉದುರಿದವು.

“ಕುಂಬಾರ ಹುಳು!” ಎಂದು ಕೂಗಿದೆ.

ಮಾವ ಜ್ವರದಿಂದ ಮಲಗಿದ್ದ ಆ ಇಪ್ಪತ್ತು ದಿನಗಳಲ್ಲಿ ಹುಳುವೊಂದು ತನ್ನ ಸಂಸಾರಕ್ಕೆ ಈ ಕೊಳವೆಯನ್ನು ಆರಿಸಿಕೊಂಡಿತ್ತು. ಮರಿಗೆ ಬೇಕಾದ ಆಹಾರವನ್ನು ತಂದು ತುಂಬಿ, ಮೊಟ್ಟೆಯಿಟ್ಟು, ಬಾಗಿಲಿಗೆ ಮಣ್ಣು ಮೆತ್ತಿ ಹೋಗಿತ್ತು. ಪೆಟ್ರೋಲಿನ ವಾಸನೆಗೆ ಮೊಟ್ಟೆ ಒಡೆಯಲಿಲ್ಲವೆಂದು ತೋರುತ್ತದೆ. ಮಾವ ಆ ಬಿರಡೆಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು. ಹೊಸ ಕಾರ್ಬ್ಯುರೇಟರು, ಹೊಸ ಪಂಪು, ಕೈತಪ್ಪಿದ ಬಾಡಿಗೆಗಳು, ಆಗುಂಬೆಯ ದಾರಿಯ ಆ ರಾತ್ರಿ. ಎಲ್ಲಕ್ಕೂ ಕಾರಣವಾದದ್ದು ಕಡಲೆಕಾಯಿಯಷ್ಟು ಮಣ್ಣು!

ಮೇಸ್ತ್ರಿ ಹಣ ಮುಟ್ಟಲಿಲ್ಲ. ಒಂದು ತುಂಡು ಸಣ್ಣ ಜಾಲರಿಯನ್ನು ಕೊಳವೆಯ ಬಾಯಿಗೆ ತಂತಿಯಿಂದ ನನ್ನ ಕೈಯಲ್ಲಿಯೇ ಕಟ್ಟಿಸಿ, ಗಾಳಿ ಸರಾಗವಾಗಿ ಆಡುತ್ತಿದೆಯೇ ಎಂದು ಊದಿ ನೋಡಲು ಹೇಳಿದರು.

ಹತ್ತು ದಿನಗಳ ಮೇಲೆ ತಾಯಿ ಮಗುವನ್ನು ಮಣಿಪಾಲದಿಂದ ಕರೆತರಬೇಕಾಯಿತು. ನೆರೆಮನೆಯವರು ಬೇರೆ ಕಾರನ್ನು ಗೊತ್ತುಮಾಡಲು ಹೊರಟಿದ್ದರು. ಮಾವ ತಾವೇ ಹೋಗಿ ಕೇಳಿಕೊಂಡು ಒಪ್ಪಿಸಿದರು. ಟ್ಯಾಂಕನ್ನು ಬೇಕೆಂದೇ ಕುತ್ತಿಗೆಯವರೆಗೆ ತುಂಬಿಸಿದ್ದರು. ಸೋಮೇಶ್ವರವನ್ನು ಬಿಟ್ಟು ಘಾಟಿಯನ್ನು ಏರತೊಡಗಿದಾಗ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ಎಲ್ಲರ ಕಿವಿಯೂ ಇಂಜಿನಿನ ಸದ್ದಿನ ಮೇಲೆಯೇ ಇತ್ತು. ಹದಿನಾಲ್ಕು ತಿರುವುಗಳನ್ನೂ ಏರಿ ಆಗುಂಬೆಯನ್ನು ಮುಟ್ಟಿದಾಗ ಮಾವ ಕಾರನ್ನು ತಾವಾಗಿಯೇ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿದ್ದ ಅಜ್ಜಿ ಗಾಬರಿಯಿಂದ, “ಮತ್ತೆ ಏನಾಯಿತಪ್ಪಾ?” ಎಂದರು.

“ಏನೂ ಇಲ್ಲ ಅಮ್ಮಾ, ಕಾಫಿ ಕುಡಿಯೋಣವೆಂದು ನಿಲ್ಲಿಸಿದೆ” ಎಂದು ನಗುತ್ತ ಇಳಿದ ಮಾವ, ಕಾಫಿಯ ಅಂಗಡಿಗೆ ಹೋಗುವ ಮೊದಲು ಕಾರಿನ ಹಿಂದಕ್ಕೆ ಹೋಗಿ ಬಗ್ಗಿ ಆ ಜಾಲರಿಯನ್ನು ಒಮ್ಮೆ ನೋಡಿಕೊಂಡು ಬಂದರು.